ಅಂಬಾಸಿಡರ್ ಮುಂಬಾಗಿಲ ತ್ರಿಕೋನ ಗಾಜು: ಬಿಚ್ಚಿ, ಸರಿಮಾಡಿ, ಕಂಪನಿ ಫಿಟಿಂಗ್‌ನಂತೆ ಕೂರಿಸುವ ಕ್ರಮ

ಹಳೆ ಅಂಬಾಸಿಡರ್ ಇಟ್ಟುಕೊಂಡವರ ದೂರುಗಳು ಹೆಚ್ಚುಕಮ್ಮಿ ಇವೇ. "ಹೊಸ ಬೀಡಿಂಗ್ ಹಾಕಿಸಿದೆ, ಆದ್ರೂ ಮಳೆ ಬಂದ್ರೆ ನೀರು ಒಳಗೆ." "ಹೊಸ ಬೀಡಿಂಗ್ ಹಾಕಿದ ಮೇಲೆ ಗಾಜು ಪೂರ್ತಿ ಮುಚ್ಚೋದೇ ಇಲ್ಲ." "ಸ್ವಲ್ಪ ಸ್ಪೀಡ್ ಹೋದ್ರೆ ಗಾಜು ತಾನೇ ತಿರುಗಿಬಿಡುತ್ತೆ." ಮೂರಕ್ಕೂ ಜನ ಬೀಡಿಂಗ್, ಅಂದರೆ ಗಾಜಿನ ಸುತ್ತಲ ರಬ್ಬರ್, ಮಾರಿದವನನ್ನೇ ಬೈಯುತ್ತಾರೆ. ಬಹುಪಾಲು ಸಲ ರಬ್ಬರ್‌ದೇನೂ ತಪ್ಪಿರುವುದಿಲ್ಲ. ಮೊದಲು ಮಾಡಬೇಕಾದ್ದನ್ನು ಕೊನೆಗೆ, ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿರುತ್ತಾರೆ.

ಸರಿಯಾದ ಕ್ರಮ ಇಷ್ಟು: ಮೊದಲು ಬಾಗಿಲ ಚೌಕಟ್ಟು ಮತ್ತು ಗಾಜಿನ ಫ್ರೇಮ್, ಆಮೇಲೆ ತಿರುಗುಗೂಟ (ಗಾಜು ತಿರುಗಲು ಮೇಲೆ ಕೆಳಗೆ ಇರುವ ಪಿವಟ್), ಆಮೇಲೆ ಹೊಸ ರಬ್ಬರ್ ಇಟ್ಟು ಒಂದು ಒಣ ಜೋಡಣೆ, ಅಂದರೆ ಅಂಟಿಲ್ಲದೆ ತಾತ್ಕಾಲಿಕವಾಗಿ ಕೂರಿಸಿ ನೋಡುವುದು. ಅದು ಸರಿ ಕೂತ ಮೇಲಷ್ಟೇ ಪ್ಲೇಟಿಂಗ್ (ಲೋಹದ ಮೇಲೆ ನಿಕ್ಕಲ್, ಕ್ರೋಮಿಯಂ ಪದರ), ಬಣ್ಣ. ಕೊನೆಯ ಜೋಡಣೆ ಅದರ ನಂತರ. ಚಿಲಕದ ಕೆಲಸ ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಹೇಳುವುದು ಮುಂಬಾಗಿಲ ಮುಂದಿನ ಮೂಲೆಯಲ್ಲಿ ತಿರುಗುವ ಸಣ್ಣ ಗಾಜಿನ ಬಗ್ಗೆ. ಕೆಲವರು ವೆಂಟ್ ಗ್ಲಾಸ್ ಅಂತಾರೆ, ಕೆಲವರು ಕ್ವಾರ್ಟರ್ ಗ್ಲಾಸ್ ಅಂತಾರೆ. ಪ್ರೀಮಿಯರ್ ಪದ್ಮಿನಿ ಇದ್ದವರಿಗೂ ಕ್ರಮ ಇದೇ. ಭಾಗಗಳ ಆಕಾರ ಬೇರೆ, ನಟ್ಟುಗಳ ಅಳತೆ ಬೇರೆ, ಅಷ್ಟೆ.

ಶುರು ಮಾಡುವ ಮೊದಲು ಏನೇನು ಬೇಕು

ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಹಾಗಾಗಿ ಹಳೆಯ ಗಾಡಿಗಳಲ್ಲಿ ಇಂಚಿನ ಅಳತೆಯ ನಟ್ಟು ಬೋಲ್ಟುಗಳೇ ಜಾಸ್ತಿ. ಇಂಚಿನ ಸ್ಪ್ಯಾನರ್ ಸೆಟ್ ಒಂದು ಹೊಂದಿಸಿಕೊಳ್ಳಿ. ಎಂಎಂ ಸ್ಪ್ಯಾನರ್ "ಹತ್ತತ್ರ ಕೂರುತ್ತೆ" ಅಂತ ತಿರುಗಿಸಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಅದರಲ್ಲೂ ಗೂಟದ ನಟ್ಟು ಬಾಗಿಲ ಹೊಟ್ಟೆಯೊಳಗಿರುತ್ತದೆ. ಅಲ್ಲಿ ಗುಂಡಗಾದ ನಟ್ಟನ್ನು ಬಿಚ್ಚುವುದು ಅರ್ಧ ದಿನದ ಕೆಲಸ. ಪದ್ಮಿನಿಗೆ ಎಂಎಂ ಸರಿ.

ಜೊತೆಗೆ ಬೇಕಾದ್ದು: ಬಾಯಿ ಸರಿಯಿರುವ ಎರಡು ಮೂರು ಸೈಜಿನ ಸ್ಕ್ರೂ ಡ್ರೈವರ್, ವರ್ನಿಯರ್ ಕ್ಯಾಲಿಪರ್, ಸಣ್ಣ ಆಯಸ್ಕಾಂತ, ಪಿನ್ ಹೊಡೆಯಲು ತೆಳು ಪಂಚ್, ಮರದ ಸುತ್ತಿಗೆ, ತುಕ್ಕು ಬಿಡಿಸುವ ಸ್ಪ್ರೇ, ಹೊಸ ಬ್ಲೇಡು, ಸೋಪಿನ ನೀರು, ಸಿಲಿಕೋನ್ ಗ್ರೀಸ್, ಸೀಮೆಸುಣ್ಣ, ಜಿಪ್ ಲಾಕ್ ಕವರುಗಳು, ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ. ಕೈಗವಸು, ಕನ್ನಡಕ ಎರಡನ್ನೂ ಬಿಡಬೇಡಿ. ಹಳೆಯ ಗಾಜಿನ ಅಂಚು ಎಲ್ಲಿ ಚಕ್ಕೆ ಎದ್ದಿದೆ ಅಂತ ಫ್ರೇಮ್ ಬಿಚ್ಚುವವರೆಗೂ ಗೊತ್ತಾಗುವುದಿಲ್ಲ.

ಹೊಸ ರಬ್ಬರ್ ಮೊದಲೇ ತಂದಿಟ್ಟುಕೊಳ್ಳಿ, ಆದರೆ ಹಾಕಬೇಡಿ. ಅಂಗಡಿಯಲ್ಲೇ ಎಡ, ಬಲ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ. ಒಂದು ಇನ್ನೊಂದರ ಕನ್ನಡಿ ಬಿಂಬದಂತೆ ಇರಬೇಕು. ಒಂದೇ ಬದಿಯ ಎರಡು ತುಂಡು ಸೆಟ್ ಅಂತ ಬರುವುದೂ ಉಂಟು. ಮೂಲೆಗಳು ಅಚ್ಚಿನಲ್ಲೇ ಮೂಡಿರುವ ರಬ್ಬರ್ ಸಿಕ್ಕರೆ ಅದನ್ನೇ ತಗೊಳ್ಳಿ. ಮೀಟರ್ ಲೆಕ್ಕದಲ್ಲಿ ಮಾರುವ ನೇರ ಪಟ್ಟಿ ಕತ್ತರಿಸಿ ಮೂಲೆ ಅಂಟಿಸಿದರೆ ನೀರು ಅಲ್ಲಿಂದಲೇ ಬರುತ್ತದೆ.

ಹಂತ 1: ಬಿಚ್ಚುವ ಮೊದಲು ಪರೀಕ್ಷೆ

ಈ ಹಂತವನ್ನು ಹತ್ತಕ್ಕೆ ಒಂಬತ್ತು ಜನ ಬಿಡುತ್ತಾರೆ. ಬಿಚ್ಚಿದ ಮೇಲೆ ರೋಗ ಎಲ್ಲಿತ್ತು ಅಂತ ಕೇಳಿದರೆ ಗಾಡಿ ಉತ್ತರ ಹೇಳುವುದಿಲ್ಲ.

ಗಾಜು ಮುಚ್ಚಿ, ರಬ್ಬರ್ ಮತ್ತು ಫ್ರೇಮ್ ನಡುವೆ ತೆಳು ಕಾಗದದ ಪಟ್ಟಿ ಸಿಕ್ಕಿಸಿ ಎಳೆಯಿರಿ. ಮೂರೂ ಬದಿಯಲ್ಲಿ ನಾಲ್ಕೈದು ಕಡೆ ಮಾಡಿ. ಬಿಗಿಯಾಗಿ ಹಿಡಿದರೆ ಸರಿ. ಸುಮ್ನೆ ಜಾರಿ ಬಂದರೆ ಅಲ್ಲಿ ಮಾರ್ಕಿಂಗ್ ಟೇಪ್ ಅಂಟಿಸಿ ಫೋಟೋ ತೆಗೆಯಿರಿ. ಆಮೇಲೆ ಗಾಜನ್ನು ಅರ್ಧ ತೆರೆದು ಬೆರಳಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಗೂಟ ಸವೆದಿದೆ.

ಕಾಗದ ಜಾರುವ ಜಾಗ ಒಂದೇ ಮೂಲೆಯಲ್ಲಿದ್ದರೆ ಫ್ರೇಮ್ ಅಥವಾ ಬಾಗಿಲ ಚೌಕಟ್ಟು ಸೊಟ್ಟಗಾಗಿರುವ ಸಂಭವ ಜಾಸ್ತಿ. ಸುತ್ತಲೂ ಸಡಿಲ ಇದ್ದರೆ ರಬ್ಬರ್ ಒಣಗಿ ಕುಗ್ಗಿದೆ. ಚಿಲಕದ ಹತ್ತಿರ ಬಿಗಿ, ದೂರದಲ್ಲಿ ಸಡಿಲ ಅಂದರೆ ಗೂಟದ ಕಡೆ ನೋಡಬೇಕು.

ಫೋಟೋ ತೆಗೆಯುವಾಗ ಸ್ಕ್ರೂಗಳ ತಲೆ ಕಾಣಬೇಕು. ಒಂದು ಗೀಟಿನ ಸ್ಕ್ರೂ ಇದ್ದ ಜಾಗದಲ್ಲಿ ಪ್ಲಸ್ ಸ್ಕ್ರೂ ಬಂದಿದ್ದರೆ ಆ ಕಡೆ ಹಿಂದೆ ಯಾರೋ ಕೈ ಹಾಕಿದ್ದಾರೆ ಅಂತಲೇ ಅರ್ಥ. ಎರಡು ಬಾಗಿಲೂ ಒಟ್ಟಿಗೆ ಬಿಚ್ಚಬೇಡಿ. ಒಂದು ಪೂರ್ತಿ ಮುಗಿಯುವವರೆಗೆ ಇನ್ನೊಂದು ನಿಮ್ಮ ನಕ್ಷೆ.

ಹಂತ 2: ಬಾಗಿಲ ಒಳಪದರ ಮತ್ತು ಗಾಜಿನ ಜೋಡಣೆ ಹೊರತೆಗೆಯುವುದು

ದೊಡ್ಡ ಗಾಜನ್ನು ಪೂರ್ತಿ ಕೆಳಗಿಳಿಸಿ. ಬಾಗಿಲ ಹಿಡಿಕೆ ಮತ್ತು ಗಾಜಿನ ಹಿಡಿಕೆ ಬಿಚ್ಚಿ. ಹಿಡಿಕೆಯ ಬುಡದ ಬಟ್ಟಲನ್ನು ಒಳಕ್ಕೆ ಒತ್ತಿದರೆ ಅಡ್ಡ ಪಿನ್ ಕಾಣುವ ಮಾದರಿ ಇದ್ದರೆ ಪಿನ್ನನ್ನು ಪಂಚ್‌ನಿಂದ ತಳ್ಳಿ. ಸ್ಕ್ರೂ ಇದ್ದರೆ ಬಿಚ್ಚಿ. ರೆಕ್ಸಿನ್ ಹೊದಿಸಿದ ಹಲಗೆಯನ್ನು ಅಂಚಿನಿಂದ ಅಗಲ ಬಾಯಿಯ ಪಟ್ಟಿ ಹಾಕಿ, ಕ್ಲಿಪ್ ಇರುವ ಜಾಗದಲ್ಲೇ ಮೀಟಿ. ನಡುವೆ ಮೀಟಿದರೆ ಹಲಗೆ ಮುರಿಯುತ್ತದೆ. ನೀರು ಕುಡಿದು ಉಬ್ಬಿದ ಹಳೆಯ ಹಲಗೆ ಬಿಸ್ಕತ್ತಿನಂತೆ ಮುರಿಯುತ್ತದೆ, ಹುಷಾರು.

ಹಲಗೆ ತೆಗೆದ ಕೂಡಲೇ ಬಾಗಿಲ ತಳ ನೋಡಿ. ಅಲ್ಲಿ ನೀರು ಹೊರಹೋಗುವ ತೂತುಗಳಿವೆ. ಮಣ್ಣು, ಎಲೆ, ಹಳೆಯ ಅಂಡರ್‌ಕೋಟ್ ಸೇರಿ ಮುಚ್ಚಿಹೋಗಿರುತ್ತವೆ. ತಂತಿಯಿಂದ ಚೊಕ್ಕಟ ಮಾಡಿ. ಕಂಪನಿ ಫಿಟಿಂಗ್‌ನಲ್ಲೂ ದೊಡ್ಡ ಗಾಜಿನ ಪಕ್ಕದಿಂದ ಸ್ವಲ್ಪ ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದು ತೂತಿನಿಂದ ಹೋಗಬೇಕು. ತೂತು ಮುಚ್ಚಿದ್ದರೆ ಬಾಗಿಲು ತುಕ್ಕು ಹಿಡಿಯುತ್ತದೆ, ನೀವು ತ್ರಿಕೋನ ಗಾಜನ್ನು ದೂರುತ್ತೀರಿ.

ಈಗ ತಿರುಗುಗೂಟ. ಗಾಜಿನ ಕೆಳಗಿನ ಗೂಟ ಬಾಗಿಲೊಳಕ್ಕೆ ಇಳಿದಿರುತ್ತದೆ. ಅದಕ್ಕೆ ವಾಷರ್, ಸ್ಪ್ರಿಂಗ್, ನಟ್ಟು ಇರುತ್ತವೆ. ಗಾಜು ತೆರೆದ ಜಾಗದಲ್ಲಿ ನಿಲ್ಲುವುದು ಈ ಸ್ಪ್ರಿಂಗಿನ ಒತ್ತಡದಿಂದ. ನಟ್ಟಿಗೆ ಮಡಚಿದ ಲಾಕ್ ವಾಷರ್ ಇದ್ದರೆ ಮೊದಲು ಅದರ ಕಿವಿ ಬಿಡಿಸಿ. ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಬಿಚ್ಚುವ ಮೊದಲು ನಟ್ಟಿನಿಂದಾಚೆ ಗೂಟದ ಥ್ರೆಡ್ ಎಷ್ಟು ಹೊರಗಿದೆ ಅಂತ ಕ್ಯಾಲಿಪರ್‌ನಲ್ಲಿ ಅಳೆದು ಬರೆದುಕೊಳ್ಳಿ. ವಾಷರ್‌ಗಳನ್ನು ಬಂದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿ ಗಂಟು ಹಾಕಿ. ಕ್ರಮ ತಪ್ಪಿದರೆ ಗಾಜು ಕಲ್ಲಿನಂತೆ ಬಿಗಿಯಾಗುತ್ತದೆ, ಇಲ್ಲ ಗಾಳಿಗೆ ತೂಗುತ್ತದೆ.

ಗೂಟ ಅಲ್ಲಾಡದಿದ್ದರೆ ಗ್ಯಾಸ್ ಟಾರ್ಚ್ ಹಿಡಿಯಬೇಡಿ. ಗಾಜು ಪಕ್ಕದಲ್ಲೇ ಇದೆ. ಇನ್ನೊಂದು ದಿನ ನೆನೆಯಲು ಬಿಡಿ.

ಆಮೇಲೆ ಎರಡು ಗಾಜುಗಳ ನಡುವಿನ ನಿಲುವು ಪಟ್ಟಿಯ ಸ್ಕ್ರೂಗಳನ್ನು ಸಡಿಲಿಸಿ, ಮೇಲಿನ ಗೂಟದ ಸ್ಕ್ರೂ ಅಥವಾ ರಿವೆಟ್ ತೆಗೆದು, ಜೋಡಣೆಯನ್ನು ಓರೆ ಮಾಡಿ ಮೇಲಕ್ಕೆತ್ತಿ. ಬರಲಿಲ್ಲ ಅಂದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ. ಎಳೆಯಬೇಡಿ, ಹುಡುಕಿ. ರಬ್ಬರ್ ಅಡಿಯಲ್ಲಿ, ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ.

ಹಂತ 3: ಗಾಜು ಮತ್ತು ಫ್ರೇಮ್ ಬೇರೆ ಮಾಡುವುದು

ಫ್ರೇಮಿನ ತೋಡಿನಲ್ಲಿ ಗಾಜು ಒಂದು ತೆಳು ರಬ್ಬರ್ ಪಟ್ಟಿಯ ಮೇಲೆ ಬಿಗಿಯಾಗಿ ಕೂತಿರುತ್ತದೆ. ಎರಡೂ ಬದಿಯಿಂದ ಬ್ಲೇಡಿನಲ್ಲಿ ರಬ್ಬರ್ ಸೀಳಿ, ಸೋಪಿನ ನೀರು ಬಿಟ್ಟು, ಫ್ರೇಮನ್ನು ಬಟ್ಟೆ ಸುತ್ತಿದ ವೈಸಿನಲ್ಲಿ ಮೆಲ್ಲಗೆ ಹಿಡಿದು, ಗಾಜನ್ನು ಎರಡು ಅಂಗೈಯಿಂದ ತಳ್ಳಿ. ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ. ಗಟ್ಟಿಮಾಡಿದ (ಟೆಂಪರ್ಡ್) ಗಾಜಿನ ಮೈ ಏಟು ತಡೆಯುತ್ತದೆ, ಅಂಚು ತಡೆಯುವುದಿಲ್ಲ. ಅಂಚಿಗೆ ಚೂಪಾದ ಲೋಹ ತಾಗಿದರೆ ಇಡೀ ಗಾಜು ಒಮ್ಮೆಲೇ ಪುಡಿಪುಡಿ.

ಗಟ್ಟಿಮಾಡಿದ ಗಾಜೋ ಅಲ್ಲವೋ ಅಂತ ತಿಳಿಯಲು ಮೂಲೆಯ ಮುದ್ರೆ ನೋಡಿ. ಮುದ್ರೆ ಮಾಸಿದ್ದರೆ ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು ಬೆಳಗಿನ ಆಕಾಶದ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮಬ್ಬು ಚುಕ್ಕಿ ಅಥವಾ ಪಟ್ಟಿಗಳು ಕಂಡರೆ ಅದು ಗಟ್ಟಿಮಾಡಿದ ಗಾಜು. ಅದನ್ನು ಕತ್ತರಿಸಲು, ತೂತು ಕೊರೆಯಲು, ಅಂಚು ಉಜ್ಜಲು ಆಗದು. ಹೊಸದು ಬೇಕಾದರೆ ಮೊದಲು ಆಕಾರಕ್ಕೆ ಕತ್ತರಿಸಿ, ಚಿಲಕದ ತೂತು ಬೇಕಿದ್ದರೆ ಕೊರೆದು, ಅಂಚು ನಯ ಮಾಡಿ, ಆಮೇಲೆ ಗಟ್ಟಿಮಾಡಿಸಬೇಕು. ಕಿಟಕಿಗೆ ಹಾಕುವ ಸಾದಾ ಗಾಜನ್ನು ಕತ್ತರಿಸಿ ಕೂರಿಸಿಕೊಡುವವರು ಇದ್ದಾರೆ. ನಿಮ್ಮ ಮುಖದಿಂದ ಒಂದು ಮೊಳ ದೂರದಲ್ಲಿರುವ ಗಾಜು ಅದು. ಬೇಡ. ವಾಹನದ ಸುರಕ್ಷತಾ ಗಾಜಿಗೆ ಐಎಸ್ 2553 ಎಂಬ ಭಾರತೀಯ ಮಾನದಂಡವಿದೆ, ಅದರ ಗುರುತಿರುವುದನ್ನೇ ಕೇಳಿ.

ಹಳೆಯ ಗಾಜಿನ ದಪ್ಪ ಅಳೆಯಿರಿ. ಹೊಸ ಗಾಜು ಅರ್ಧ ಮಿಲಿಮೀಟರ್ ದಪ್ಪ ಇದ್ದರೂ ಒಳ ರಬ್ಬರ್ ಪಟ್ಟಿ ತೆಳುವಾದದ್ದು ಬೇಕಾಗುತ್ತದೆ.

ಹಂತ 4: ಲೋಹದ ಕೆಲಸ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲಿ.

ಮೊದಲು ಯಾವುದು ಯಾವ ಲೋಹ ಅಂತ ತಿಳಿಯಿರಿ. ಆಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಉಕ್ಕು. ಅಂಟದಿದ್ದರೆ ಹಿತ್ತಾಳೆ, ಸ್ಟೇನ್‌ಲೆಸ್ ಅಥವಾ ಎರಕದ ಸತು. ಕಾಣದ ಜಾಗದಲ್ಲಿ ಚೂರು ಗೀರಿ ನೋಡಿ. ಹಳದಿ ಕಂಡರೆ ಹಿತ್ತಾಳೆ. ಬೂದು ಬಣ್ಣ, ಮೇಲೆಲ್ಲ ಸಣ್ಣ ಗುಳ್ಳೆ ಅಂದರೆ ಎರಕದ ಸತು. ಚಿಲಕದ ಹಿಡಿ ಹೀಗಿರುವುದು ಸಾಮಾನ್ಯ.

ಉಕ್ಕಿನ ತುಕ್ಕಿಗೆ ಸಿಟ್ರಿಕ್ ಆಸಿಡ್ ಸಾಕು. ಒಂದು ಲೀಟರ್ ನೀರಿಗೆ 50 ಗ್ರಾಂ ಹಾಕಿ, ಕೆಲವು ಗಂಟೆ ನೆನೆಸಿ, ಉಜ್ಜಿ, ಸೋಡಾ ಪುಡಿ ಹಾಕಿದ ನೀರಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಒರೆಸಿ. ಮಂಡ್ಯದ ಕಡೆಯವರಿಗೆ ಕಾಕಂಬಿ (ಸಕ್ಕರೆ ಕಾರ್ಖಾನೆಯ ಮೊಲಾಸಿಸ್) ಸಿಗುತ್ತದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರ ಎರಡು ವಾರ ಮುಳುಗಿಸಿಟ್ಟರೆ ಉಕ್ಕಿನ ತುಕ್ಕು ಪೂರ್ತಿ ಬಿಡುತ್ತದೆ. ವಾಸನೆಗೆ ಮನೆಯವರು ಏನಂತಾರೋ ಅದು ನಿಮಗೆ ಬಿಟ್ಟಿದ್ದು. ಎರಕದ ಸತು ಮತ್ತು ಅಲ್ಯೂಮಿನಿಯಂ ಭಾಗಗಳನ್ನು ಈ ಎರಡರಲ್ಲೂ ಹಾಕಬೇಡಿ, ತಿಂದುಹಾಕುತ್ತದೆ.

ಫ್ರೇಮನ್ನು ಸಮತಟ್ಟಾದ ಗಾಜಿನ ಮೇಜಿನ ಮೇಲೆ ಮಲಗಿಸಿ. ಒಂದು ಮೂಲೆ ಒತ್ತಿದರೆ ಇನ್ನೊಂದು ಏಳುತ್ತದೆಯಾ? ಎದ್ದರೆ ಫ್ರೇಮ್ ತಿರುಚಿದೆ. ಕಳ್ಳರು ಬಾಗಿಲು ತೆರೆಯಲು ಈ ಗಾಜನ್ನೇ ಮೀಟುತ್ತಿದ್ದರು, ಕೀ ಒಳಗೆ ಬಿಟ್ಟ ಮಾಲೀಕರೂ ಮೀಟುತ್ತಿದ್ದರು. ಹಾಗಾಗಿ ತಿರುಚಿದ ಫ್ರೇಮ್ ತುಂಬಾ ಸಾಮಾನ್ಯ. ಮರದ ತುಂಡುಗಳ ನಡುವೆ ಹಿಡಿದು ಕೈಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ ಸರಿಮಾಡಿ. ಮೂಲೆಯ ಬೆಸುಗೆ ಬಿರುಕು ಬಿಟ್ಟಿದ್ದರೆ ಹಿತ್ತಾಳೆ ಬೆಸುಗೆ ಹಾಕಿಸಿ. ಬಾಗಿಸುವುದು, ಬೆಸುಗೆ ಎಲ್ಲ ಪ್ಲೇಟಿಂಗ್‌ಗೆ ಮೊದಲೇ. ಪ್ಲೇಟಿಂಗ್ ಆದ ಮೇಲೆ ಬಾಗಿಸಿದರೆ ಪದರ ಸೀಳುತ್ತದೆ.

ಬಾಗಿಲ ಚೌಕಟ್ಟನ್ನೂ ಹೀಗೇ ನೋಡಬೇಕು. ಹತ್ತು ಹದಿನೈದು ವರ್ಷಕ್ಕೊಮ್ಮೆ ಬಣ್ಣ ಹೊಡೆಸಿಕೊಂಡ ಗಾಡಿಯಲ್ಲಿ ರಬ್ಬರ್ ಕೂರುವ ತೋಡಿನಲ್ಲೇ ಬಣ್ಣ ಮತ್ತು ಪುಟ್ಟಿಯ ಪದರ ಪದರ ಸೇರಿ ಕಿಂಡಿ ಚಿಕ್ಕದಾಗಿರುತ್ತದೆ. "ಹೊಸ ಬೀಡಿಂಗ್ ದಪ್ಪ ಆಯ್ತು" ಅನ್ನುವ ದೂರಿನ ಗುಟ್ಟು ಇದೇ. ಆ ಜಾಗವನ್ನು ಬರಿ ಲೋಹದವರೆಗೆ ಕೆರೆಯಿರಿ. ತೂತು ಬಿದ್ದಿದ್ದರೆ ತಗಡು ಕತ್ತರಿಸಿ ಬೆಸುಗೆ ಹಾಕಿಸಿ. ಟಿಂಕರ್ "ಪುಟ್ಟಿ ತುಂಬ್ತೀನಿ, ಗೊತ್ತೇ ಆಗಲ್ಲ" ಅಂದರೆ ಒಪ್ಪಬೇಡಿ. ರಬ್ಬರ್ ಅಡಿಯ ಪುಟ್ಟಿ ನೀರು ಹೀರಿಕೊಂಡು ಮುಂದಿನ ಮಳೆಗಾಲಕ್ಕೆ ಉಬ್ಬುತ್ತದೆ.

ಗೂಟ ಸವೆದಿದ್ದರೆ ಲೇತ್‌ನಲ್ಲಿ ಹಿತ್ತಾಳೆಯ ಬುಷ್ (ಗೂಟ ಕೂರುವ ಸಣ್ಣ ಕೊಳವೆ) ಮಾಡಿಸಿ. ಸಣ್ಣ ಕೆಲಸ, ಆದರೆ ಇದಿಲ್ಲದೆ ಮುಂದಿನದೆಲ್ಲ ದಂಡ.

ಹಂತ 5: ಒಣ ಜೋಡಣೆ

ಪ್ಲೇಟಿಂಗ್‌ಗೂ ಮೊದಲು, ಬಣ್ಣಕ್ಕೂ ಮೊದಲು, ಹೊಸ ರಬ್ಬರನ್ನು ಅಂಟು ಹಾಕದೆ ಇಟ್ಟು, ಫ್ರೇಮ್ ಗಾಜು ಎಲ್ಲ ತಾತ್ಕಾಲಿಕವಾಗಿ ಜೋಡಿಸಿ. ರಬ್ಬರಿನ ತುಟಿಗೆ ಸೀಮೆಸುಣ್ಣ ಸವರಿ ಗಾಜು ಮುಚ್ಚಿ, ತೆರೆಯಿರಿ. ಫ್ರೇಮಿನ ಮೇಲೆ ಬಿಳಿ ಗೆರೆ ಮೂಡಿರುತ್ತದೆ. ಗೆರೆ ಸುತ್ತಲೂ ಒಂದೇ ಅಗಲ ಇದ್ದರೆ ನೀವು ಗೆದ್ದಿರಿ. ಎಲ್ಲಿ ಗೆರೆ ಮುರಿದಿದೆಯೋ ಅಲ್ಲಿ ಲೋಹ ಹಿಂದೆ ಸರಿದಿದೆ. ಎಲ್ಲಿ ದಪ್ಪ ಆಗಿದೆಯೋ ಅಲ್ಲಿ ಮುಂದೆ ಬಂದಿದೆ.

ತಿದ್ದುವುದು ಲೋಹವನ್ನು. ರಬ್ಬರ್ ಕೊರೆದು ಹೊಂದಿಸಬೇಡಿ.

ನಿಲುವು ಪಟ್ಟಿಯನ್ನೂ ಈಗಲೇ ಹೊಂದಿಸಿ. ಅದು ಸ್ವಲ್ಪ ಮುಂದೆ ವಾಲಿದರೆ ತ್ರಿಕೋನ ಗಾಜು ಮುಚ್ಚುವುದಿಲ್ಲ, ಹಿಂದೆ ವಾಲಿದರೆ ದೊಡ್ಡ ಗಾಜು ಮೇಲೇರುವಾಗ ಬಿಗಿಯುತ್ತದೆ. ಎರಡೂ ಗಾಜು ಹಾಕಿ, ದೊಡ್ಡದನ್ನು ನಾಲ್ಕು ಸಲ ಏರಿಸಿ ಇಳಿಸಿ ನೋಡಿ, ಆಮೇಲೆ ಪಟ್ಟಿಯ ಜಾಗಕ್ಕೆ ಗುರುತು ಹಾಕಿ.

ಹಂತ 6: ಪ್ಲೇಟಿಂಗ್ ಮತ್ತು ಬಣ್ಣ

ಪ್ಲೇಟಿಂಗ್ ಅಂಗಡಿಗೆ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಕೊಟ್ಟುಬರಬೇಡಿ. ಉಕ್ಕು, ಹಿತ್ತಾಳೆ, ಸತು ಬೇರೆ ಬೇರೆ ಕವರಲ್ಲಿ, ಹೆಸರು ಬರೆದು, ಎಣಿಸಿ, ಫೋಟೋ ತೆಗೆದು ಕೊಡಿ. ಸತುವನ್ನು ಉಕ್ಕಿನ ಜೊತೆ ಆಸಿಡ್ಡಿಗೆ ಇಳಿಸಿದರೆ ವಾಪಸ್ ಬರುವುದು ಅರ್ಧ ಚಿಲಕ. ಸ್ಪ್ರಿಂಗುಗಳನ್ನು ಕೊಡಲೇಬೇಡಿ. ಆಸಿಡ್ಡಿನಲ್ಲಿ ಗಟ್ಟಿ ಉಕ್ಕು ಜಲಜನಕ ಹೀರಿಕೊಂಡು ಪೆಡಸಾಗಿ, ಬಿಗಿ ಮಾಡುವಾಗ ಪಟ್ಟಂತ ಮುರಿಯುತ್ತದೆ.

ಹೊಳಪೆಲ್ಲ ಕ್ರೋಮಿಯಂದು ಅಂತ ಜನ ಅಂದುಕೊಳ್ಳುತ್ತಾರೆ. ತುಕ್ಕು ತಡೆಯುವುದು ಅದರಡಿಯ ನಿಕ್ಕಲ್. ಹೊರಗಿನ ಭಾಗಕ್ಕೆ ನಿಕ್ಕಲ್ 20ರಿಂದ 30 ಮೈಕ್ರಾನ್ ಬೇಕು, ಕ್ರೋಮಿಯಂ ಅದರ ಮೇಲೆ ಅರ್ಧ ಮೈಕ್ರಾನ್‌ಗೂ ಕಡಿಮೆ ಇದ್ದರೆ ಸಾಕು. ನಿಕ್ಕಲ್ ಕಮ್ಮಿ ಮಾಡಿ ಹೊಳಪು ಮಾತ್ರ ಕೊಟ್ಟರೆ ಒಂದೇ ಮಳೆಗಾಲಕ್ಕೆ ಸಾಸಿವೆಯಷ್ಟು ತುಕ್ಕಿನ ಚುಕ್ಕಿ ಏಳುತ್ತದೆ. ಮೂಲೆಗಳನ್ನು ಜಾಸ್ತಿ ಬಫ್ ಮಾಡಬೇಡಿ ಅಂತಲೂ ಹೇಳಿ. ಕಂಪನಿಯ ಫ್ರೇಮಿಗೆ ಚೂಪಾದ ಅಂಚಿದೆ. ಕರಗಿದ ಮೇಣದಂತೆ ಗುಂಡಗಾದ ಮೂಲೆ ಕಂಡರೆ ಗೊತ್ತಿದ್ದವರು ದೂರದಿಂದಲೇ "ಮತ್ತೆ ಮಾಡಿಸಿದ್ದು" ಅಂತ ಗುರುತಿಸುತ್ತಾರೆ. ಗೂಟ ಕೂರುವ ತೂತು ಮತ್ತು ಥ್ರೆಡ್‌ಗಳಿಗೆ ಪ್ಲೇಟಿಂಗ್ ಹತ್ತದಂತೆ ಮುಚ್ಚಿಸಿ.

ಸ್ಟೇನ್‌ಲೆಸ್ ಭಾಗಕ್ಕೆ ಪ್ಲೇಟಿಂಗ್ ಬೇಡ, ಬಫಿಂಗ್ ಸಾಕು.

ಬಾಗಿಲ ಚೌಕಟ್ಟಿಗೆ ಎಪಾಕ್ಸಿ ಪ್ರೈಮರ್, ಮೇಲೆ ತೆಳುವಾಗಿ ಗಾಡಿಯ ಬಣ್ಣ. ರಬ್ಬರ್ ಕೂರುವ ಜಾಗದಲ್ಲಿ ದಪ್ಪ ಬೇಡ. ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ರಬ್ಬರ್ ಮುಟ್ಟಿಸಬೇಡಿ. ಹಸಿ ಬಣ್ಣಕ್ಕೆ ರಬ್ಬರ್ ಅಂಟಿಕೊಂಡರೆ ಗಾಜು ತೆರೆದ ದಿನ ಬಣ್ಣವೂ ಜೊತೆಗೆ ಬರುತ್ತದೆ.

ಹಂತ 7: ಗಾಜನ್ನು ಫ್ರೇಮಿಗೆ ಕೂರಿಸುವುದು

ಗಾಜಿನ ಅಂಚನ್ನು ಸ್ಪಿರಿಟ್‌ನಲ್ಲಿ ಒರೆಸಿ. ಹೊಸ ಒಳಪಟ್ಟಿಯನ್ನು ಅಂಚಿಗೆ ಮಡಚಿ, ಸೋಪಿನ ನೀರು ಸವರಿ, ಫ್ರೇಮಿನ ತೋಡಿಗೆ ಒಂದು ತುದಿಯಿಂದ ಶುರುಮಾಡಿ ಒತ್ತುತ್ತಾ ಹೋಗಿ. ಮರದ ತುಂಡು ಅಡ್ಡ ಇಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬಹುದು. ನಡುವೆ ಒಂದೇ ಕಡೆ ತಟ್ಟಬೇಡಿ. ತುಂಬಾ ಬಿಗಿ ಅನಿಸಿದರೆ ನಿಲ್ಲಿಸಿ, ತೆಳು ಪಟ್ಟಿ ತನ್ನಿ. ಹೊರಬಂದ ಪಟ್ಟಿಯನ್ನು ಒಂದು ದಿನ ಬಿಟ್ಟು, ಹೊಸ ಬ್ಲೇಡಿನಲ್ಲಿ ಫ್ರೇಮಿನ ಸಮಕ್ಕೆ ಕತ್ತರಿಸಿ.

ಇಲ್ಲಿ ಸಿಲಿಕೋನ್ ಅಂಟು ಬೇಡ. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂತೂ ಖಂಡಿತ ಬೇಡ. ಅದು ಒಣಗುವಾಗ ಬಿಡುವ ಆಮ್ಲ ಲೋಹಕ್ಕೆ ತುಕ್ಕು ಹಚ್ಚುತ್ತದೆ.

ಹಂತ 8: ರಬ್ಬರ್ ಮತ್ತು ಕೊನೆಯ ಜೋಡಣೆ

ರಬ್ಬರನ್ನು ಮೂಲೆಗಳಿಂದ ಶುರುಮಾಡಿ, ಆಮೇಲೆ ನೇರ ಭಾಗ ಒತ್ತಿ. ಎಲ್ಲೂ ಎಳೆಯಬೇಡಿ. ಎಳೆದು ಕೂರಿಸಿದ ರಬ್ಬರ್ ಬಿಸಿಲು ಕಂಡಾಗ ತನ್ನ ಮೊದಲಿನ ಉದ್ದಕ್ಕೆ ಕುಗ್ಗುತ್ತದೆ, ಮೂಲೆಯಲ್ಲಿ ಬಾಯಿ ಬಿಡುತ್ತದೆ. ಕತ್ತರಿಸಬೇಕಾದ ತುಂಡಾದರೆ ಮೂರು ನಾಲ್ಕು ಮಿಲಿಮೀಟರ್ ಉದ್ದ ಬಿಟ್ಟೇ ಕತ್ತರಿಸಿ, ಒಳಕ್ಕೆ ಒತ್ತಿ ತುಂಬಿಸಿ.

ಜಾರಲಿ ಅಂತ ಇಂಜಿನ್ ಆಯಿಲ್, ಡೀಸೆಲ್, ಮಾಮೂಲಿ ಗ್ರೀಸ್ ಹಾಕುವ ಅಭ್ಯಾಸ ಬಿಡಿ. ಬೀಡಿಂಗ್‌ಗೆ ಬಳಸುವ ಇಪಿಡಿಎಂ ಎಂಬ ಕೃತಕ ರಬ್ಬರ್ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ. ಸೋಪಿನ ನೀರು ಸಾಕು. ಒಣಗಿದ ಮೇಲೆ ತುಟಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್.

ಜೋಡಣೆಯನ್ನು ಬಂದ ದಾರಿಯಲ್ಲೇ ಇಳಿಸಿ, ಮೇಲಿನ ಗೂಟ ಮೊದಲು, ಕೆಳಗಿನದು ಆಮೇಲೆ. ತಂತಿಗೆ ಪೋಣಿಸಿದ ವಾಷರ್‌ಗಳನ್ನು ಅದೇ ಕ್ರಮದಲ್ಲಿ ಹಾಕಿ. ನಟ್ಟನ್ನು ಬರೆದಿಟ್ಟ ಅಳತೆಯವರೆಗೆ ತಿರುಗಿಸಿ.

ಹಂತ 9: ಬಿಗಿ ಮತ್ತು ಚಿಲಕ

ಗಾಜು ಒಂದು ಬೆರಳಿನ ಒತ್ತಡಕ್ಕೆ ತಿರುಗಬೇಕು, ಬಿಟ್ಟ ಜಾಗದಲ್ಲಿ ನಿಲ್ಲಬೇಕು. ನಟ್ಟನ್ನು ಕಾಲು ಸುತ್ತಿನಂತೆ ಬಿಗಿ ಮಾಡುತ್ತಾ ಹೋಗಿ. ಎರಡು ಕೈ ಬೇಕಾದಷ್ಟು ಬಿಗಿಯಾದರೆ ಜಾಸ್ತಿಯಾಯಿತು, ಫ್ರೇಮ್ ಮತ್ತೆ ತಿರುಚುತ್ತದೆ. ಬಿಗಿ ಸರಿಯಾದ ಮೇಲೆ ಹೊಸ ಲಾಕ್ ವಾಷರ್‌ನ ಕಿವಿ ಮಡಚಿ.

ಚಿಲಕ ಕೊನೆಗೆ. ಹಾಕುವಾಗ ಸ್ವಲ್ಪ ತಡೆ ಸಿಗಬೇಕು, ರಬ್ಬರ್ ಚೂರು ಒತ್ತಬೇಕು. ಸುಮ್ನೆ ಬಿದ್ದರೆ ಸಡಿಲ. ಗಾಜು ಬಾಗುವಷ್ಟು ಒತ್ತಬೇಕಾದರೆ ಚಿಲಕ ತಿದ್ದಲು ಹೋಗಬೇಡಿ, ಐದನೇ ಹಂತಕ್ಕೆ ವಾಪಸ್ ಹೋಗಿ. ಚಿಲಕದ ಬಲದಿಂದ ಮುಚ್ಚಿಸಿದ ಗಾಜು ಒಂದು ಮಧ್ಯಾಹ್ನ ಬಿಸಿಲಲ್ಲಿ ನಿಂತಾಗ ಪುಡಿಯಾಗಬಹುದು.

ಹಂತ 10: ನೀರಿನ ಪರೀಕ್ಷೆ

ಒಳಪದರ ಹಾಕುವ ಮೊದಲೇ ಮಾಡಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಪೈಪಿನ ನೀರನ್ನು ಮೆಲ್ಲಗೆ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಒಯ್ಯಿರಿ. ಮೇಲಿಂದ ಬಿಟ್ಟರೆ ಎಲ್ಲ ಕಡೆ ಒದ್ದೆಯಾಗಿ ಸೋರಿಕೆ ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ವಾಷಿಂಗ್ ಗನ್ ಬೇಡ, ಅದರ ರಭಸಕ್ಕೆ ಹೊಸ ಗಾಡಿಯಲ್ಲೂ ನೀರು ನುಗ್ಗುತ್ತದೆ.

ನೀರು ಬಾಗಿಲ ಹೊಟ್ಟೆಗೆ ಇಳಿದು ತಳದ ತೂತಿನಿಂದ ಹೋದರೆ ಚಿಂತೆ ಬೇಡ. ರಬ್ಬರ್ ತುಟಿ ದಾಟಿ ಡ್ಯಾಶ್‌ಬೋರ್ಡ್ ಕಡೆ ಬಂದರೆ ಸೀಮೆಸುಣ್ಣದ ಪರೀಕ್ಷೆ ಮತ್ತೆ ಮಾಡಿ. ಎಲ್ಲ ಸರಿ ಇದ್ದರೆ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಹಾಳೆಯ ಕೆಳತುದಿ ಬಾಗಿಲೊಳಕ್ಕೆ ಇಳಿದಿರಬೇಕು, ಆಗ ಹನಿ ಒಳಗೇ ಬೀಳುತ್ತದೆ. ಅದರ ಮೇಲೆ ರೆಕ್ಸಿನ್ ಹಲಗೆ.

ಆಮೇಲೆ ಕಾಣುವ ಸೂಚನೆಗಳು

ಓಡಿಸುವಾಗ ಸೀಟಿ ಹೊಡೆದಂಥ ಸದ್ದು ಬಂದರೆ ಮೇಲಿನ ಮೂಲೆಯಲ್ಲಿ ರಬ್ಬರ್ ಮಡಚಿದೆ. ಗುಂಡಿ ಬಿದ್ದ ರಸ್ತೆಯಲ್ಲಿ ಕಟಕಟ ಅಂದರೆ ಗೂಟ ಅಥವಾ ನಿಲುವು ಪಟ್ಟಿಯ ಸ್ಕ್ರೂ ಸಡಿಲ. ಗಾಜಿನ ಕೆಳಗೆ ಬಣ್ಣದ ಮೇಲೆ ಕಂದು ಗೆರೆ ಇಳಿದರೆ ಒಳಗೆ ತುಕ್ಕು ಶುರುವಾಗಿದೆ, ಕೂಡಲೇ ಬಿಚ್ಚಿ ನೋಡಿ. ಗಾಜು ತೆರೆಯುವಾಗ ರಬ್ಬರ್ ಚಟ್ಟಂತ ಬಿಟ್ಟರೆ ಗ್ರೀಸ್ ಒಣಗಿದೆ ಅಷ್ಟೆ.

ಹೊಸ ರಬ್ಬರ್ ಮೊದಲ ತಿಂಗಳು ಒತ್ತಿ ಕೂರುತ್ತದೆ, ಆಗ ಗೂಟ ಸ್ವಲ್ಪ ಸಡಿಲ ಅನಿಸುವುದು ಸಹಜ. ಒಳಪದರ ಮತ್ತೆ ತೆಗೆದು ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಇನ್ನೊಂದು ಹೊಸ ಲಾಕ್ ವಾಷರ್ ಹಾಕಿ. ಅದಕ್ಕೇ ಲಾಕ್ ವಾಷರ್ ಎರಡು ತಂದಿಟ್ಟುಕೊಳ್ಳಿ. ಇನ್ನೊಂದು ಬಾಗಿಲನ್ನು ಇದೆಲ್ಲ ಮುಗಿದ ಮೇಲೆ ಬಿಚ್ಚಿ.